ಹೆದೆ, ಬಾಣ ಮತ್ತು ಒಂದು ಹೊಲದ ಬದು

‘ಆರ್’ ಎಂಬ ಗಣಕಭಾಷೆಗೆ ವೃತ್ತದ ಕಂಸವೆಂದರೇನೆಂದು ತಿಳಿಯದು. ಬಿಂದು ತಿಳಿದಿದೆ, ಸರಳರೇಖೆ ತಿಳಿದಿದೆ, ಆಯತ ತಿಳಿದಿದೆ, ಬಾಣದ ಗುರುತು ಕೂಡ ತಿಳಿದಿದೆ. ಪೂರ್ಣವೃತ್ತ ಬೇಕೆಂದರೆ ಅದಕ್ಕೂ ಒಂದು ಆಜ್ಞೆಯುಂಟು. ಆದರೆ ವೃತ್ತದ ಒಂದು ತುಂಡು ಮಾತ್ರ ಸಾಕೆಂದು ಕೇಳಿದರೆ ಅದರ ಮೂಲ ಭಂಡಾರದಲ್ಲಿ ಅಂಥ ಆಜ್ಞೆಯೇ ಇಲ್ಲ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕರಿಹಲಗೆಯ ಮೇಲೆ ಕಂಸಗಳನ್ನು ಎಳೆದ ನನಗೆ ಇದು ಮೊದಲು ವಿಚಿತ್ರವೆನಿಸಿತು. ಮರದ ಕೈವಾರದ ಒಂದು ಕಾಲನ್ನು ಊರಿ, ಸೀಮೆಸುಣ್ಣ ಸಿಕ್ಕಿಸಿದ ಇನ್ನೊಂದು ಕಾಲನ್ನು ಸ್ವಲ್ಪ ತಿರುಗಿಸಿದರೆ ಆಯಿತಲ್ಲ! ಪೂರ್ಣವೃತ್ತಕ್ಕಿಂತ ಕಂಸವೇ ಸುಲಭ. ಎಂಟನೆಯ ತರಗತಿಯ ಮಕ್ಕಳೂ ಅದನ್ನೇ ಮೊದಲು ಕಲಿಯುತ್ತಿದ್ದರು.

ಈ ಭಾಷೆಯನ್ನು ನನಗೆ ಪರಿಚಯಿಸಿದವಳು ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ ನನ್ನ ತಮ್ಮನ ಮಗಳು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಅದಕ್ಕೂ ಹಿಂದೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ್ದ ‘ಎಸ್’ ಎಂಬ ಭಾಷೆ ಇದಕ್ಕೆ ಮಾದರಿ. ಇಬ್ಬರ ಹೆಸರೂ ಒಂದೇ ಅಕ್ಷರದಿಂದ ಆರಂಭವಾಗುವುದು ಈ ನಾಮಕರಣಕ್ಕೆ ಒಂದು ಕಾರಣ. 2000ದ ಫೆಬ್ರವರಿ 29ರಂದು, ಅಂದರೆ ಅಧಿಕದಿನದಂದು, ಇದರ ಮೊದಲ ಪೂರ್ಣ ಆವೃತ್ತಿ ಹೊರಬಂದಿತು. ಕಾಸು ಕೊಡಬೇಕಾಗಿಲ್ಲ, ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ನಿವೃತ್ತ ಮಾಸ್ತರನ ಹಳೆಯ ಗಣಕದಲ್ಲಿಯೂ ಓಡುತ್ತದೆ. ನನ್ನಂಥವನಿಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕಿಲ್ಲ.

ಕಂಸವನ್ನು ಎಳೆಯುವ ಆಜ್ಞೆ ಇಲ್ಲವೆಂದ ಮೇಲೆ ಎಳೆಯುವುದೆಂತು? ‘ದೊಡ್ಡಪ್ಪಾ, ಅದಕ್ಕೆ ಸರಳರೇಖೆ ಗೊತ್ತಲ್ಲ, ಅಷ್ಟು ಸಾಕು’ ಎಂದಳು ಹುಡುಗಿ. ಆರಂಭದ ಕೋನದಿಂದ ಕೊನೆಯ ಕೋನದವರೆಗೆ ನೂರು ಸಮಭಾಗ ಮಾಡಿಕೊಡೆಂದು ಗಣಕಕ್ಕೆ ಹೇಳಬೇಕು. ಪ್ರತಿಯೊಂದು ಕೋನಕ್ಕೂ ಒಂದು ಬಿಂದು: ಕೇಂದ್ರದ ಎಕ್ಸ್ ನಿರ್ದೇಶಾಂಕಕ್ಕೆ ತ್ರಿಜ್ಯ ಗುಣಿಸು ಕಾಸ್ ಕೋನವನ್ನು ಕೂಡಿಸಬೇಕು, ವೈ ನಿರ್ದೇಶಾಂಕಕ್ಕೆ ತ್ರಿಜ್ಯ ಗುಣಿಸು ಸೈನ್ ಕೋನವನ್ನು ಕೂಡಿಸಬೇಕು. ಹೀಗೆ ದೊರೆತ ಬಿಂದುಗಳನ್ನು ‘ಲೈನ್ಸ್’ ಎಂಬ ಆಜ್ಞೆಯಿಂದ ಒಂದರ ಹಿಂದೊಂದು ಜೋಡಿಸಿದರೆ ಕಣ್ಣಿಗೆ ಕಂಸವಾಗಿಯೇ ಕಾಣುತ್ತದೆ. ವಾಸ್ತವವಾಗಿ ಅದು ನೂರು ಚಿಕ್ಕ ಜ್ಯಾಗಳ ಸರಪಳಿ. ಇಷ್ಟು ಶ್ರಮ ಬೇಡವೆನ್ನುವವರಿಗೆ ‘ಪ್ಲಾಟ್ರಿಕ್ಸ್’ ಎಂಬ ಹೆಚ್ಚುವರಿ ಕಟ್ಟಿನಲ್ಲಿ ಕಂಸದ ಸಿದ್ಧ ಆಜ್ಞೆ ಉಂಟು. ನಾನು ಅದನ್ನು ಬಳಸುವುದಿಲ್ಲ. ಸಿದ್ಧ ಆಜ್ಞೆ ಕೈವಾರದ ಹಾಗೆ: ಕೆಲಸವನ್ನು ಮುಗಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. ಕೇಂದ್ರ ಎಲ್ಲಿದೆ, ತ್ರಿಜ್ಯ ಎಷ್ಟು, ಎಲ್ಲಿಂದ ಎಲ್ಲಿಯವರೆಗೆ ಎಂಬ ಮೂರು ಪ್ರಶ್ನೆಗಳಿಗೆ ನಾವೇ ಬಾಯಿಬಿಟ್ಟು ಉತ್ತರಿಸಬೇಕಾದ ವಿಧಾನವೇ ನನಗೆ ಹೆಚ್ಚು ಹಿತವೆನಿಸಿದೆ.

ಕೋನವನ್ನು ಡಿಗ್ರಿಯಲ್ಲಿ ಹೇಳಕೂಡದೆಂಬುದು ಇಲ್ಲಿಯ ಇನ್ನೊಂದು ಕಟ್ಟಳೆ. ಸೈನ್ 30 ಎಷ್ಟೆಂದು ಕೇಳಿದರೆ ಹತ್ತನೆಯ ತರಗತಿಯ ಯಾವ ಹುಡುಗನಾದರೂ ಅರ್ಧವೆನ್ನುತ್ತಾನೆ. ಆರ್ ಮಾತ್ರ ಋಣ 0.988 ಎನ್ನುತ್ತದೆ. ಅದು ಮೂವತ್ತನ್ನು ರೇಡಿಯನ್ ಎಂದು ಭಾವಿಸುತ್ತದೆ. ಡಿಗ್ರಿಯನ್ನು ಪೈಯಿಂದ ಗುಣಿಸಿ 180ರಿಂದ ಭಾಗಿಸಿ ಕೊಡಬೇಕು. ‘ಈ ರೇಡಿಯನ್ ಎಂಬ ಪರಕೀಯ ಅಳತೆ ನಮಗೇಕೆ ಸರ್?’ ಎಂದು ನನ್ನನ್ನು ಕೇಳಿದ್ದ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ಅದು ಪರಕೀಯವಲ್ಲ. ಪರಿಧಿಯನ್ನು 360 ಡಿಗ್ರಿಗಳ 21600 ಕಲೆಗಳಾಗಿ ವಿಭಾಗಿಸಿ, ಅದೇ ಅಳತೆಗೋಲಿನಿಂದ ತ್ರಿಜ್ಯವನ್ನು ಅಳೆದರೆ 3438 ಕಲೆಗಳು ಬರುತ್ತವೆ. ಆರ್ಯಭಟನ ಜ್ಯಾಕೋಷ್ಟಕಕ್ಕೆ ಈ 3438ರ ತ್ರಿಜ್ಯವೇ ಆಧಾರ. ಇಂದಿನ ಒಂದು ರೇಡಿಯನ್ನನ್ನು ಕಲೆಗಳಲ್ಲಿ ಬರೆಯಿರಿ, ಅದೇ 3438 ಸಿಗುತ್ತದೆ. ಬಾಗಿದ ಗೆರೆಯನ್ನೂ ನೆಟ್ಟನೆಯ ಗೆರೆಯನ್ನೂ ಒಂದೇ ಕೋಲಿನಿಂದ ಅಳೆಯಬೇಕೆಂಬ ವಿವೇಕ ಎರಡರಲ್ಲಿಯೂ ಒಂದೇ.

ಇನ್ನು ಸೈನ್ ಎಂಬ ಪದ. ವೃತ್ತದ ತುಂಡನ್ನು ನಮ್ಮ ಪೂರ್ವಿಕರು ಬಿಲ್ಲೆಂದು ಕಂಡರು. ಬಾಗಿದ ಭಾಗ ಚಾಪ, ಎರಡು ತುದಿಗಳನ್ನು ಬಿಗಿದ ಹೆದೆಯೇ ಜ್ಯಾ, ಹೆದೆಯ ನಡುವಿನಿಂದ ಬಿಲ್ಲಿನ ಬೆನ್ನಿಗೆ ಮುಟ್ಟುವ ಬಾಣವೇ ಶರ. ಜ್ಯಾ ಎಂಬುದಕ್ಕೆ ಜೀವಾ ಎಂಬ ಪರ್ಯಾಯ ಪದವಿತ್ತು. ಅರಬ್ಬರು ಅದನ್ನು ಜೀಬ ಎಂದು ಉಚ್ಚಾರಕ್ಕೆ ತಕ್ಕಂತೆ ಬರೆದುಕೊಂಡರು. ಅವರ ಲಿಪಿಯಲ್ಲಿ ಸ್ವರಗಳನ್ನು ಬರೆಯದ ರೂಢಿಯಿಂದ ಮುಂದಿನವರು ಅದನ್ನು ಜೈಬ್ ಎಂದೋದಿದರು. ಜೈಬ್ ಎಂದರೆ ಉಡುಪಿನ ಮಡಿಕೆ, ಎದೆಯ ಭಾಗ. ಹನ್ನೆರಡನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದಿಸಿದವರು ಅದೇ ಅರ್ಥದ ‘ಸೈನಸ್’ ಎಂಬ ಪದವನ್ನು ಇಟ್ಟರು. ಹೀಗೆ ಹೆದೆಯು ಸೈನ್ ಆಗಿ, ಸಾವಿರಾರು ಹರದಾರಿ ಸುತ್ತಿ, ಕೊನೆಗೆ ನನ್ನ ಕೊಠಡಿಯ ಗಣಕದ ಕೀಲಿಮಣೆಗೆ ಬಂದಿದೆ. ಮಕ್ಕಳಿಗೆ ತ್ರಿಕೋನಮಿತಿ ಕಲಿಸುವಾಗ ಈ ಕಥೆಯನ್ನು ಹೇಳಿದರೆ ತರಗತಿ ಒಂದಿಷ್ಟು ಎಚ್ಚರವಾಗುತ್ತಿತ್ತು. ಆ ದಿನ ಪಾಠ ಮುಗಿಯುತ್ತಿರಲಿಲ್ಲ, ಅದು ಬೇರೆ ಮಾತು.

ಬಿಲ್ಲು, ಹೆದೆ, ಬಾಣಗಳ ಗಣಿತ ನಮ್ಮ ನೆಲಕ್ಕೂ ಹತ್ತಿರದ್ದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಂದಿಗೆ ನಮ್ಮ ಕೊಪಣವನ್ನೂ ಹೆಸರಿಸುತ್ತದೆಂಬುದನ್ನು ಕೊಪ್ಪಳದವರಾದ ನಾವು ಸಭೆಸಮಾರಂಭಗಳಲ್ಲಿ ಹೇಳಿಕೊಳ್ಳದೆ ಬಿಡುವುದಿಲ್ಲ. ಅದೇ ದೊರೆಯನ್ನು ಕೊಂಡಾಡಿ ತನ್ನ ಗ್ರಂಥವನ್ನು ಆರಂಭಿಸಿದ ಗಣಿತಜ್ಞ ಜೈನ ಮಹಾವೀರಾಚಾರ್ಯ. ಒಂಬತ್ತನೆಯ ಶತಮಾನದ ಅವನ ‘ಗಣಿತಸಾರಸಂಗ್ರಹ’ವನ್ನು ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಅದರಲ್ಲಿ ಕಂಸದ ಉದ್ದಕ್ಕೆ ಎರಡು ಸೂತ್ರಗಳಿವೆ. ಸ್ಥೂಲವಾಗಿ ಸಾಕೆನ್ನುವವರು ಬಾಣದ ವರ್ಗವನ್ನು ಐದರಿಂದ ಗುಣಿಸಿ, ಹೆದೆಯ ವರ್ಗವನ್ನು ಕೂಡಿಸಿ, ವರ್ಗಮೂಲ ತೆಗೆಯಬೇಕು. ಸೂಕ್ಷ್ಮವಾಗಿ ಬೇಕೆನ್ನುವವರು ಐದರ ಬದಲು ಆರರಿಂದ ಗುಣಿಸಬೇಕು. ಅರ್ಧವೃತ್ತಕ್ಕೆ ಇವನ್ನು ಹಚ್ಚಿ ನೋಡಿ: ಮೊದಲನೆಯದರಲ್ಲಿ ಪೈ ಬೆಲೆ 3, ಎರಡನೆಯದರಲ್ಲಿ 10ರ ವರ್ಗಮೂಲ. ಈ ಸೂತ್ರಗಳ ಕಡೆಗೆ ಮತ್ತೆ ಬರುತ್ತೇನೆ. ಏಕೆಂದರೆ ಕಳೆದ ಕೆಲವು ತಿಂಗಳುಗಳಲ್ಲಿ ಇವೆಲ್ಲವೂ ನನಗೆ ಒಂದು ಹೊಲದಲ್ಲಿ ಬೇಕಾದವು.

ನಮ್ಮ ಕಡೆ ರೈಲು ಹೊಸದು. ಗಿಣಿಗೇರಿಯಿಂದ ಕವಲೊಡೆದ ಹಳಿ ಗಂಗಾವತಿಯನ್ನು ಮುಟ್ಟಿ ಅಲ್ಲಿ ಗಾಡಿ ಬಂದು ನಿಂತದ್ದು 2019ರಲ್ಲಿ. ಗದಗ–ವಾಡಿ ಮಾರ್ಗದ ಮೊದಲ ಭಾಗ ತಳಕಲ್ಲಿನಿಂದ ಕುಕನೂರು, ಯಲಬುರ್ಗಾಗಳ ಮೂಲಕ ಕುಷ್ಟಗಿಗೆ ಬಂದು, 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಹೊರಟಿತು. ನಾನು ಕೆಲಸಕ್ಕೆ ಸೇರಿದಾಗ ಕುಷ್ಟಗಿಯ ಮಕ್ಕಳಲ್ಲಿ ಹಲವರು ರೈಲನ್ನು ಪಠ್ಯಪುಸ್ತಕದಲ್ಲಿ ಮಾತ್ರ ನೋಡಿದವರು. ವೇಗ, ದೂರ, ಕಾಲದ ಲೆಕ್ಕಗಳಲ್ಲಿ ಎರಡು ರೈಲುಗಳು ಎದುರುಬದುರಾಗಿ ಬರುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಶೂನ್ಯಭಾವ ನನಗಿನ್ನೂ ನೆನಪಿದೆ. ನಾನು ಎಷ್ಟೋ ಸಲ ರೈಲನ್ನು ಅಳಿಸಿ ಬಸ್ಸು ಎಂದು ಬರೆದುಕೊಟ್ಟಿದ್ದೇನೆ.

ರೈಲುಹಳಿ ತಟ್ಟನೆ ತಿರುಗಲಾರದು. ಎತ್ತಿನ ಗಾಡಿಯ ದಾರಿ ಹೊಲದ ಮೂಲೆಯಲ್ಲಿ ಹೇಗೆ ಬೇಕಾದರೂ ಹೊರಳೀತು, ಹಳಿ ಮಾತ್ರ ದೊಡ್ಡ ವೃತ್ತದ ಕಂಸವಾಗಿಯೇ ಬಾಗಬೇಕು. ಅದರ ಬಾಗನ್ನು ಕಾಯುವವರ ವಿಧಾನ ನನಗೆ ಬಹಳ ಪ್ರಿಯವಾದುದು. ಹಳಿಯ ಒಳಮೈಗೆ ಇಪ್ಪತ್ತು ಮೀಟರಿನ ದಾರವನ್ನು ಬಿಗಿಹಿಡಿದು, ನಡುಮಧ್ಯದಲ್ಲಿ ದಾರಕ್ಕೂ ಹಳಿಗೂ ಇರುವ ಅಂತರವನ್ನು ಅಳತೆಪಟ್ಟಿಯಿಂದ ನೋಡುತ್ತಾರೆ. ಹತ್ತು ಮೀಟರು ಮುಂದೆ ಸರಿದು ಮತ್ತೆ ನೋಡುತ್ತಾರೆ. ಈ ಅಂತರಕ್ಕೆ ಅವರು ವರ್ಸೈನ್ ಎನ್ನುತ್ತಾರೆ. 875 ಮೀಟರು ತ್ರಿಜ್ಯದ ತಿರುವಾದರೆ ಅಂತರ 57 ಮಿಲಿಮೀಟರು ಇರಬೇಕು. ಒಂದೆಡೆ 50, ಮುಂದಿನೆಡೆ 65 ಬಂದರೆ ಬಾಗು ಕೆಟ್ಟಿದೆಯೆಂದು ಅರ್ಥ. ದಾರ ಹೆದೆಯಲ್ಲವೇ? ಅಂತರ ಬಾಣವಲ್ಲವೇ? ವರ್ಸೈನ್ ಎಂದರೆ ನಮ್ಮ ಉತ್ಕ್ರಮಜ್ಯಾ, ಅದೇ ಶರ. ಬಿಸಿಲಲ್ಲಿ ಹಳಿಯ ಮೇಲೆ ಬಗ್ಗಿ ನಿಂತು ದಾರ ಹಿಡಿಯುವ ಆ ಕಾರ್ಮಿಕರು ಅರಿಯದೆಯೇ ಆರ್ಯಭಟನ ಶಿಷ್ಯರು.

ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಇಂಥದೊಂದು ತಿರುವು ಇಬ್ಬರು ಅಣ್ಣತಮ್ಮಂದಿರ ಎರೆಹೊಲದ ಬಡಗಣ ಭಾಗವನ್ನು ಕಚ್ಚಿಕೊಂಡು ಹೋಯಿತು. ಇಬ್ಬರೂ ನನ್ನ ವಿದ್ಯಾರ್ಥಿಗಳು. ಊರಿನ ಹೆಸರನ್ನಾಗಲಿ ಅವರ ಹೆಸರನ್ನಾಗಲಿ ಬರೆಯುವುದಿಲ್ಲ. ಅಳತೆಗಳನ್ನೂ ತುಸು ದುಂಡಗೆ ಮಾಡಿಕೊಂಡಿದ್ದೇನೆ. ಪರಿಹಾರದ ಹಣದಲ್ಲಿ ಅವರಿಗೆ ತಕರಾರಿರಲಿಲ್ಲ, ಸಮನಾಗಿ ಹಂಚಿಕೊಂಡಿದ್ದರು. ಉಳಿದ ಹೊಲವನ್ನು ಹಿಸ್ಸೆ ಮಾಡಿಕೊಳ್ಳುವಾಗ ಮಾತು ಬೆಳೆಯಿತು. ತೆಂಕಣ ಬದು ನೆಟ್ಟಗೆ 200 ಮೀಟರು. ಅಲ್ಲಿಂದ ಪೂರ್ವ ಮತ್ತು ಪಶ್ಚಿಮದ ಬದುಗಳು 80 ಮೀಟರಿನಂತೆ ಬಡಗಣಕ್ಕೆ ಹೋಗಿ ರೈಲ್ವೆಯ ಬೇಲಿಯನ್ನು ಮುಟ್ಟುತ್ತವೆ. ಬೇಲಿಯ ಪಕ್ಕದ ಅರ್ಧ ಅಣ್ಣನಿಗೆ, ತೆಂಕಣದ ಅರ್ಧ ತಮ್ಮನಿಗೆ ಎಂದು ಹಿರಿಯರು ತೀರ್ಮಾನಿಸಿದ್ದರು. ಕೈಯಲ್ಲಿದ್ದ ನಕ್ಷೆಯಲ್ಲಿ ಎರಡು ಬಾಂದುಕಲ್ಲುಗಳ ನಡುವೆ ಬೇಲಿಯನ್ನು ನೆಟ್ಟನೆಯ ಗೆರೆಯಾಗಿ ತೋರಿಸಿತ್ತು. ಅದರಂತೆ ನಡುಬದು ತೆಂಕಣದಿಂದ ಸರಿಯಾಗಿ 40 ಮೀಟರಿಗೆ ಬೀಳಬೇಕು. ತಮ್ಮ ಒಪ್ಪಲಿಲ್ಲ. ಬೇಲಿ ನೆಟ್ಟಗಿಲ್ಲ, ಹೊರಕ್ಕೆ ಉಬ್ಬಿದೆ, ಆ ಉಬ್ಬೆಲ್ಲ ಅಣ್ಣನ ಪಾಲಿಗೆ ಹೋಗುತ್ತದೆ ಎಂಬುದು ಅವನ ವಾದ. ಅಣ್ಣ ಅದನ್ನು ‘ಕೂದಲೆಳೆಯಷ್ಟು’ ಎಂದ. ಯುಗಾದಿಗೆ ಇಬ್ಬರೂ ಬೇರೆಬೇರೆ ಮನೆಗಳಲ್ಲಿ ಬೇವುಬೆಲ್ಲ ತಿಂದರೆಂದೂ, ತಾಯಿ ಎರಡು ಮನೆಗಳ ನಡುವೆ ಬಟ್ಟಲು ಹಿಡಿದು ಓಡಾಡಿದಳೆಂದೂ ಕೇಳಿದೆ. ಆ ತಾಯಿಯೇ ಒಂದು ದಿನ ನನ್ನ ಮನೆಗೆ ಬಂದು, ‘ನೀವು ಇಬ್ಬರಿಗೂ ಲೆಕ್ಕ ಕಲಿಸಿದವರದೀರಿ, ನೀವ ಒಂದ್ ಲೆಕ್ಕಾ ಹೇಳ್ರಿ’ ಎಂದಳು.

ಹೋದೆ. ಹೊಲದ ಅಳತೆಗೆ ಕೇಂದ್ರ ಬೇಕು, ತ್ರಿಜ್ಯ ಬೇಕು. ಕೇಂದ್ರ ಕೈಗೆ ಸಿಗುವಂತಿರಲಿಲ್ಲ. ಲೆಕ್ಕದ ಪ್ರಕಾರ ಅದು ತೆಂಕಣ ಬದುವಿನಿಂದಾಚೆ ಮುಕ್ಕಾಲು ಕಿಲೋಮೀಟರಿಗಿಂತಲೂ ದೂರ, ಯಾರದೋ ತೊಗರಿ ಹೊಲದ ನಡುವೆ ಬೀಳುತ್ತದೆ. ತ್ರಿಜ್ಯವನ್ನು ಮಾತ್ರ ದಾರದಿಂದಲೇ ಪಡೆಯಬಹುದು. ಬೇಲಿಗುಂಟ 40 ಮೀಟರಿನ ಹಗ್ಗವನ್ನು ಬಿಗಿದು ನಡುವಿನ ಬಾಣವನ್ನು ಅಳೆದೆವು. ಒಂದು ತುದಿಯನ್ನು ಅಣ್ಣ ಹಿಡಿದ, ಇನ್ನೊಂದನ್ನು ತಮ್ಮ. ಹಗ್ಗ ಸಡಿಲವಾಗದಂತೆ ಇಬ್ಬರೂ ಎಚ್ಚರವಹಿಸಿದರು, ಮಾತಾಡಲಿಲ್ಲ. ಒಂದೆಡೆ 23 ಸೆಂಟಿಮೀಟರು, ಇನ್ನೊಂದೆಡೆ 23 ಅರೆ. ಅರ್ಧಹೆದೆಯ ವರ್ಗವನ್ನು ಬಾಣದ ಇಮ್ಮಡಿಯಿಂದ ಭಾಗಿಸಿ, ಬಾಣದ ಅರ್ಧವನ್ನು ಕೂಡಿಸಿದರೆ ತ್ರಿಜ್ಯ. ಸರಾಸರಿ ಹಿಡಿದರೆ 860 ಮೀಟರು. ಇದಕ್ಕೆ ಸಾಕ್ಷಿಯೂ ದೊರೆಯಿತು: ರೈಲ್ವೆಯವರು 1750ನ್ನು ತಿರುವಿನ ಡಿಗ್ರಿಯಿಂದ ಭಾಗಿಸಿ ಮೀಟರಿನಲ್ಲಿ ತ್ರಿಜ್ಯ ಪಡೆಯುತ್ತಾರೆ, ಎರಡು ಡಿಗ್ರಿಯ ತಿರುವಿಗೆ 875, ಹಳಿಯ ನಡುವಿನಿಂದ ಬೇಲಿಗೆ 15 ಮೀಟರು ಕಳೆದರೆ 860. ಇನ್ನು ಆ ಅರ್ಧ ಸೆಂಟಿಮೀಟರಿನ ವ್ಯತ್ಯಾಸ ತ್ರಿಜ್ಯದಲ್ಲಿ 18 ಮೀಟರು ಏರುಪೇರು ಮಾಡುತ್ತದೆಂದು ಗಾಬರಿಯಾಗಬೇಕಿಲ್ಲ. ಕ್ಷೇತ್ರಫಲದಲ್ಲಿ ಅದು ಗುಂಟೆಯ ಆರನೆಯ ಒಂದು ಪಾಲು ಅಷ್ಟೇ.

ಮನೆಗೆ ಬಂದು ಆರ್ ತೆರೆದೆ. ಕಾಗದದಲ್ಲಿ ಇದನ್ನು ಕೈವಾರದಿಂದ ಬರೆಯುವಂತಿಲ್ಲ. ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ಹೊಲ 20 ಸೆಂಟಿಮೀಟರಾದರೂ ತ್ರಿಜ್ಯ 86 ಸೆಂಟಿಮೀಟರಾಗುತ್ತದೆ. ಅಷ್ಟು ಕಾಲು ಚಾಚುವ ಕೈವಾರ ನನ್ನ ಶಾಲೆಗಳಲ್ಲಿ ಎಲ್ಲಿಯೂ ಇರಲಿಲ್ಲ. ಗಣಕಕ್ಕೆ ಅದರ ಚಿಂತೆಯಿಲ್ಲ. ಕೇಂದ್ರವನ್ನು ಚಿತ್ರದಿಂದಾಚೆ ಎಷ್ಟು ದೂರದಲ್ಲಿ ಬೇಕಾದರೂ ಇಡಬಹುದು. ಆರ್ ಕೋನಗಳನ್ನು ಪೂರ್ವದಿಂದ ಎಡಕ್ಕೆ ಎಣಿಸುವುದರಿಂದ ನಮ್ಮ ಕಂಸ 83.32 ಡಿಗ್ರಿಯಿಂದ 96.68 ಡಿಗ್ರಿಯವರೆಗೆ ಹರಡಿತ್ತು. ಒಟ್ಟು ಹದಿಮೂರು ಡಿಗ್ರಿ ಚಿಲ್ಲರೆ. ನೂರು ತುಂಡು ಮಾಡಿದೆ. ಒಂದೊಂದು ತುಂಡೂ ಎರಡು ಮೀಟರು, ಅದರ ಬಾಣ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಹೊಲದ ಲೆಕ್ಕಕ್ಕೆ ಅಷ್ಟು ನುಣುಪು ಸಾಲದೆನ್ನುವವರು ಯಾರೂ ಇರಲಾರರು.

ಉತ್ತರಗಳು ಹೀಗೆ ಬಂದವು. ಹೆದೆ 200 ಮೀಟರಾದರೆ ನಟ್ಟನಡುವಿನ ಬಾಣ 5.83 ಮೀಟರು. ಕಂಸದ ಉದ್ದ 200.45 ಮೀಟರು. ಹೆದೆಗೂ ಕಂಸಕ್ಕೂ ನಡುವಿನ ಬಿಲ್ಲಿನ ಕ್ಷೇತ್ರಫಲ 778 ಚದರ ಮೀಟರು, ಅಂದರೆ ಏಳೂ ಮುಕ್ಕಾಲು ಗುಂಟೆಗೆ ಸ್ವಲ್ಪ ಕಡಿಮೆ. ಉದ್ದದಲ್ಲಿ ಕೇವಲ ಮೊಳದಷ್ಟು ಹೆಚ್ಚಿಸಿದ ಬಾಗು ಕ್ಷೇತ್ರದಲ್ಲಿ ಇಷ್ಟನ್ನು ಒಳಗೆ ಹಾಕಿಕೊಳ್ಳುತ್ತದೆ! ಅಣ್ಣನಿಗೆ ಕೂದಲೆಳೆಯೆಂದು ತೋರಿದ್ದು ಇದರಿಂದಲೇ. ಬೇಲಿಗುಂಟ ನಡೆದು ಹೆಜ್ಜೆ ಎಣಿಸಿದವನಿಗೆ ನೆಟ್ಟಗೆರೆಗೂ ಬಾಗುಗೆರೆಗೂ ಒಂದು ಹೆಜ್ಜೆಯ ವ್ಯತ್ಯಾಸವೂ ಸಿಗುವುದಿಲ್ಲ.

ಕುತೂಹಲದಿಂದ ಮಹಾವೀರಾಚಾರ್ಯನ ಸೂತ್ರಗಳನ್ನೂ ಹಚ್ಚಿ ನೋಡಿದೆ. ಉದ್ದಕ್ಕೆ ಸ್ಥೂಲಸೂತ್ರ 200.42 ಕೊಟ್ಟಿತು, ಸೂಕ್ಷ್ಮಸೂತ್ರ 200.51. ಹನ್ನೊಂದೂವರೆ ಶತಮಾನದಷ್ಟು ಹಳೆಯ ಸೂತ್ರ ಇನ್ನೂರು ಮೀಟರಿನಲ್ಲಿ ಆರು ಸೆಂಟಿಮೀಟರೂ ತಪ್ಪಲಿಲ್ಲ. ಅದರಲ್ಲಿಯೂ ಸೂಕ್ಷ್ಮವೆಂದದ್ದಕ್ಕಿಂತ ಸ್ಥೂಲವೆಂದದ್ದೇ ನಿಜಕ್ಕೆ ಹತ್ತಿರ ಬಂದಿದೆ. ಕಾರಣವಿಷ್ಟೆ: ಚಪ್ಪಟೆಯಾದ ಬಿಲ್ಲಿಗೆ ಸರಿಯಾದ ಗುಣಕ ಐದೂ ಅಲ್ಲ, ಆರೂ ಅಲ್ಲ, ಐದೂ ಮೂರನೆಯ ಒಂದು. ಕೇರಳದ ನೀಲಕಂಠ ಸೋಮಯಾಜಿ ಚಿಕ್ಕ ಕಂಸಗಳಿಗೆಂದು ಹೇಳಿದ ನಿಯಮದಲ್ಲಿ ಇದೇ ಗುಣಕ ಅಡಗಿದೆ. ಕ್ಷೇತ್ರಫಲದಲ್ಲಿ ಮಾತ್ರ ಮಹಾವೀರನ ಸೂತ್ರಗಳು ನಮ್ಮ ಹೊಲಕ್ಕೆ ಒಗ್ಗಲಿಲ್ಲ. ಸ್ಥೂಲದಲ್ಲಿ ಸುಮಾರು 600 ಚದರ ಮೀಟರು, ಸೂಕ್ಷ್ಮದಲ್ಲಿ 922. ಅವು ಅರ್ಧವೃತ್ತದ ಅಳತೆಗೆ ಹೊಂದುವ ಅಂಗಿಗಳು. ಚಪ್ಪಟೆ ಬಿಲ್ಲಿಗೆ ಒಂದು ಬಿಗಿ, ಒಂದು ಸಡಿಲ. ಪ್ರಾಚೀನರೆಂಬ ಕಾರಣಕ್ಕೆ ಎಲ್ಲವನ್ನೂ ತಲೆಯ ಮೇಲಿಟ್ಟುಕೊಳ್ಳುವುದು ಅವರಿಗೇ ಮಾಡುವ ಅಗೌರವ. ಇಲ್ಲಿ ಹೆದೆ ಮತ್ತು ಬಾಣಗಳ ಗುಣಲಬ್ಧದ ಮೂರರಲ್ಲಿ ಎರಡು ಪಾಲು ತೆಗೆದರೆ ಸಾಕು, 778 ಬರುತ್ತದೆ, ಗಣಕವೂ ಬೇಕಿಲ್ಲ.

ಹಾಗಾದರೆ ಗಣಕವೇಕೆ? ಚಿತ್ರಕ್ಕಾಗಿ. ಅಂಕಿಯನ್ನು ನಂಬದವನು ಚಿತ್ರವನ್ನು ನಂಬುತ್ತಾನೆ. ತೊಡಕು ಬಂದದ್ದೂ ಅಲ್ಲಿಯೇ.

ಆರ್‌ಗೆ ಚಿತ್ರ ಬಿಡಿಸೆಂದರೆ ಅದು ಕೊಟ್ಟ ಜಾಗವನ್ನೆಲ್ಲ ತುಂಬುವಂತೆ ಅಡ್ಡದ ಪ್ರಮಾಣವನ್ನು ಬೇರೆ, ಲಂಬದ ಪ್ರಮಾಣವನ್ನು ಬೇರೆ ಮಾಡಿಕೊಳ್ಳುತ್ತದೆ. ಅಡ್ಡಕ್ಕೆ ವರ್ಷಗಳು, ಲಂಬಕ್ಕೆ ಮಳೆಯ ಮಿಲಿಮೀಟರುಗಳು ಇರುವ ನಕ್ಷೆಗೆ ಅದೇ ಸರಿ. ಆದರೆ ಹೊಲದ ನಕ್ಷೆಯಲ್ಲಿ ಎರಡೂ ಕಡೆ ಮೀಟರೇ. ಎರಡನ್ನೂ ಒಂದೇ ಪ್ರಮಾಣದಲ್ಲಿಡು ಎಂದು ‘ಎಎಸ್‌ಪಿ ಸಮ 1’ ಎಂಬ ಪುಟ್ಟ ಸೂಚನೆಯನ್ನು ನಾವೇ ಸೇರಿಸಬೇಕು. ಅದಿಲ್ಲದಿದ್ದರೆ ವೃತ್ತ ಮೊಟ್ಟೆಯಾಗುತ್ತದೆ, ಕಂಸ ಬೇರೆ ಯಾವುದೋ ಆಗುತ್ತದೆ. ಹಾಗೆ ನಿಜಪ್ರಮಾಣದಲ್ಲಿ ಮುದ್ರಿಸಿದ ಹಾಳೆಯಲ್ಲಿ 20 ಸೆಂಟಿಮೀಟರಿನ ಗೆರೆ ನಡುವೆ ಆರು ಮಿಲಿಮೀಟರೂ ಉಬ್ಬುವುದಿಲ್ಲ. ನೋಡಿದವರಿಗೆ ಅದು ಬಹುತೇಕ ನೆಟ್ಟಗೆ. ಬಾಗು ಕಾಣಲೆಂದು ಇನ್ನೊಂದು ಹಾಳೆಯಲ್ಲಿ ಬೇಲಿಯ ಪಟ್ಟಿಯನ್ನು ಮಾತ್ರ ತೆಗೆದುಕೊಂಡು, ಲಂಬದ ಹತ್ತು ಮೀಟರನ್ನೇ ಹಾಳೆಯ ಎತ್ತರಕ್ಕೆ ಹಿಗ್ಗಿಸಿದೆ. ಅಲ್ಲಿ ಕಂಸ ಗುಡ್ಡದಂತೆ ಎದ್ದು ನಿಂತಿತು.

ಎರಡೂ ಹಾಳೆಗಳನ್ನು ಅವರ ಕಟ್ಟೆಯ ಮೇಲೆ ಹರಡಿದೆ. ಅಣ್ಣ ಮೊದಲನೆಯದನ್ನು ಎತ್ತಿಕೊಂಡ. ‘ಸರ, ಈ ಗೆರಿ ನೋಡ್ರಿ, ಸೆಟೆದ ಹಗ್ಗ ಇದ್ದಂಗ ಐತಿ. ಎಲ್ಲಿ ಐತ್ರಿ ಏಳೂಮುಕ್ಕಾಲು ಗುಂಟೆ?’ ತಮ್ಮ ಎರಡನೆಯದನ್ನು ಮುಂದೆ ಹಿಡಿದ. ‘ಯಣ್ಣಾ, ಇದನ್ನ ನೋಡು. ಆನೆಗುಂದಿ ಹರಿಗೋಲ ಬೋರಲ ಹಾಕಿದಂಗ ಐತಿ.’ ಇಬ್ಬರೂ ಸುಳ್ಳಾಡಲಿಲ್ಲ. ಒಂದೇ ಸೂತ್ರದಿಂದ, ಒಂದೇ ನೂರೊಂದು ಬಿಂದುಗಳಿಂದ ಬಂದ ಚಿತ್ರಗಳವು. ಆದರೆ ತನಗೆ ಬೇಕಾದ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಪಂಚರ ಮುಂದೆ ಹೋಗಲು ಇಬ್ಬರೂ ಸಿದ್ಧರಾಗಿದ್ದರು. ಪತ್ರಿಕೆಗಳಲ್ಲಿ, ಚುನಾವಣೆಯ ಕರಪತ್ರಗಳಲ್ಲಿ ಏರುವ ಇಳಿಯುವ ಗೆರೆಗಳನ್ನು ನೋಡುವಾಗ ಪಕ್ಕದ ಅಂಕಿಗಳನ್ನು ಮೊದಲು ಓದಿರೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ಇವರಿಬ್ಬರಿಗೂ ನೆನಪಿರಲಿಲ್ಲವೆಂದು ತೋರುತ್ತದೆ. ನಾನು ಹಾಳೆಗಳನ್ನು ಹಿಂದಕ್ಕೆ ತೆಗೆದುಕೊಂಡೆ. ಮರುದಿನ ಎರಡೂ ಚಿತ್ರಗಳನ್ನು ಒಂದರ ಕೆಳಗೊಂದು ಒಂದೇ ಹಾಳೆಯಲ್ಲಿ ಬರುವಂತೆ ಮುದ್ರಿಸಿ, ಬಾಣದ ಜಾಗದಲ್ಲಿ ಎರಡರಲ್ಲಿಯೂ ‘5.83 ಮೀಟರು’ ಎಂದು ಬರೆಸಿ, ಕೆಳಗೆ ಗುಂಟೆಯ ಲೆಕ್ಕ ಹಾಕಿ ಎರಡು ಪ್ರತಿ ಕೊಟ್ಟೆ. ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸಬೇಕಾದರೆ ಹಾಳೆಯನ್ನು ಹರಿಯಬೇಕು.

ಲೆಕ್ಕ ಸರಳ. ಬಿಲ್ಲಿನ 778 ಚದರ ಮೀಟರಿನಲ್ಲಿ ಅರ್ಧ ತಮ್ಮನದು. 200 ಮೀಟರಿನ ಉದ್ದಕ್ಕೆ ಹಂಚಿದರೆ ನಡುಬದು 1.95 ಮೀಟರು, ಅಂದರೆ ಆರು ಅಡಿ ನಾಲ್ಕಂಗುಲಕ್ಕೂ ತುಸು ಹೆಚ್ಚು, ಬಡಗಣಕ್ಕೆ ಸರಿಯಬೇಕು. ತಮ್ಮನ ಮುಖ ಅರಳಿತು.

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಲೆಕ್ಕ ಖರೆ ಐತ್ರಿ ಸರ. ಆದ್ರ ಟ್ರ್ಯಾಕ್ಟರ ಬಗ್ಗಂಗಿಲ್ಲ. ಬೇಲಿ ಬಗ್ಗೈತಿ, ರಂಟಿ ನೆಟ್ಟಗ ಹೋಗ್ತೈತಿ’ ಎಂದ. ನನಗೆ ಇದು ಹೊಳೆದಿರಲಿಲ್ಲವೆಂದಲ್ಲ, ಆದರೆ ಉಳುವವನ ಬಾಯಿಂದ ಕೇಳಿದಾಗ ಅದರ ತೂಕವೇ ಬೇರೆ. ಹೊಲಕ್ಕೆ ಹೋಗಿ ನೋಡಿದೆವು. ಟ್ರ್ಯಾಕ್ಟರು ಬೇಲಿಗುಂಟ ನೆಟ್ಟಗೆ ಸ್ವಲ್ಪ ದೂರ ಹೋಗಿ, ತುಸು ತಿರುಗಿಸಿಕೊಂಡು, ಮತ್ತೆ ನೆಟ್ಟಗೆ ಹೋಗಿತ್ತು. ಆರ್ ಮಾಡುವುದೂ ಇದನ್ನೇ. ಅದು ನೂರು ತುಂಡು ಮಾಡುತ್ತದೆ, ಟ್ರ್ಯಾಕ್ಟರು ಏಳೆಂಟು. ಪ್ರತಿ ತುಂಡಿಗೂ ಬೇಲಿಗೂ ನಡುವೆ ಉಳುಮೆ ಕಾಣದ ಕರಿಕೆಯ ಪಟ್ಟಿ ಉಳಿದಿತ್ತು. ಕಂಬಗಳಿಗೆ ತಗಲೀತೆಂದು ಬಿಟ್ಟ ಅಂತರವನ್ನೂ ಸೇರಿಸಿದರೆ ಸರಾಸರಿ ಒಂದೂವರೆ ಮೀಟರು ಅಗಲ. ತಮ್ಮನೇ ಟೇಪು ಹಿಡಿದು ಐದು ಕಡೆ ಅಳೆದು ನೋಡಿದ. ಒಂದೂವರೆ ಮೀಟರನ್ನು ಕಂಸದ 200.45ರಿಂದ ಗುಣಿಸಿದರೆ 301 ಚದರ ಮೀಟರು, ಸುಮಾರು ಮೂರು ಗುಂಟೆ, ಬೀಳುಭೂಮಿ. ಅದನ್ನು ಬಿಲ್ಲಿನಿಂದ ಕಳೆದು ಉಳಿದುದರ ಅರ್ಧವನ್ನು ಹಂಚಿದಾಗ ಬದು ಸರಿಯಬೇಕಾದದ್ದು 1.19 ಮೀಟರು: ಮೂರು ಅಡಿ ಹನ್ನೊಂದು ಅಂಗುಲ.

‘ನಾಲ್ಕು ಅಡಿ ಅನ್ರಿ’ ಎಂದಳು ತಾಯಿ. ಅಲ್ಲಿಯವರೆಗೆ ಅವಳು ಬೇವಿನ ಮರದ ಕೆಳಗೆ ಕುಳಿತು ನಮ್ಮನ್ನು ನೋಡುತ್ತಿದ್ದಳು. ಅಣ್ಣ ಒಂದು ಅಂಗುಲಕ್ಕೆ ತಕರಾರು ಮಾಡಲಿಲ್ಲ. ತಮ್ಮ ಬೇರೆ ಅಂಗುಲಗಳಿಗೆ ಸ್ವಲ್ಪ ಮಾಡಿದ. ಆರು ಅಡಿ ನಾಲ್ಕಂಗುಲ ಎಂಬುದು ಅವನ ಮನಸ್ಸಿನಲ್ಲಿ ಆಗಲೇ ಬೇರೂರಿತ್ತು. ತೆಂಕಣದಲ್ಲಿ ತನಗೂ ಬದುವಿನ ಪಕ್ಕ ಸ್ವಲ್ಪ ಉಳಿಯುತ್ತದೆಂದ. ಅದು ನೆಟ್ಟನೆಯ ಬದು, ಹಿಂದಿನಿಂದಲೂ ಅಂಚಿನವರೆಗೆ ಉತ್ತಿದ್ದೀರಲ್ಲ ಎಂದಾಗ ಉತ್ತರ ಬರಲಿಲ್ಲ. ಮುಂಗಾರಿಗೆ ಮೊದಲು ನಾಲ್ಕು ಅಡಿಗೆ ಕಲ್ಲು ನೆಟ್ಟರು. ದಾಖಲೆಯಲ್ಲಿ ಪೋಡಿ ಆಗುವುದಿನ್ನೂ ಬಾಕಿಯಿದೆ. ಅರ್ಜಿಯ ಜೊತೆ ನನ್ನ ಹಾಳೆಯನ್ನೂ ಲಗತ್ತಿಸಿದ್ದಾರೆಂದು ಕೇಳಿ ನಕ್ಕೆ.

ಅಣ್ಣನ ಮಗಳು ಈಗ ಒಂಬತ್ತನೆಯ ತರಗತಿ. ಆ ಹಾಳೆಯಲ್ಲಿ ‘5.83’ ಹೇಗೆ ಬಂತೆಂದು ಕೇಳಿಕೊಂಡು ಬಂದಿದ್ದಳು. ಸೈನ್ ಅವಳ ಪಾಠದಲ್ಲಿ ಇನ್ನೂ ಬಂದಿಲ್ಲವಾದ್ದರಿಂದ ಪೈಥಾಗೊರಸನಿಂದಲೇ ಮಾಡಿಸಿದೆ: 860ರ ವರ್ಗದಲ್ಲಿ 100ರ ವರ್ಗವನ್ನು ಕಳೆದು, ವರ್ಗಮೂಲ ತೆಗೆದು, ಅದನ್ನು 860ರಲ್ಲಿ ಕಳೆಯುವುದು. ವರ್ಗಮೂಲವನ್ನು ಕೈಯಿಂದಲೇ ತೆಗೆದಳು, ಎರಡು ದಶಮಾಂಶ ಸ್ಥಾನಗಳವರೆಗೆ, 854.17 ಬಂತು. ಆಮೇಲೆ ಗಣಕದ ಮುಂದೆ ಕೂಡಿಸಿ, ತುಂಡುಗಳ ಸಂಖ್ಯೆಯನ್ನು ನೂರರ ಬದಲು ಮೂರು ಮಾಡಿ ತೋರಿಸಿದೆ. ಬೇಲಿ ಮೂರು ನೆಟ್ಟನೆಯ ಗೆರೆಗಳಾಗಿ ಮುರಿದು ನಿಂತಿತು. ‘ಇದು ನಮ್ಮಪ್ಪನ ಟ್ರ್ಯಾಕ್ಟರ್’ ಎಂದಳು.